ಅಶ್ಮರಿಯೂ ಶಸ್ತ್ರಮಾರ್ಗವೂ

ಮನುಷ್ಯನ ಶರೀರಕ್ಕೆ ಬರುವ ವೇದನೆಗಳಲ್ಲಿ ಎರಡು ವಿಧಗಳುಂಟು. ರೋಗವು ತರುವ ವೇದನೆಯು ಒಂದು. ಆ ರೋಗವನ್ನು ಕಳೆಯುವುದಕ್ಕೆ ಮಾಡಿದ ಚಿಕಿತ್ಸೆಯು ತರುವ ವೇದನೆಯು ಮತ್ತೊಂದು. ಮೊದಲನೆಯದನ್ನು ಕುರಿತು ವೈದ್ಯಗ್ರಂಥಗಳು ವಿಸ್ತಾರವಾಗಿ ಹೇಳುತ್ತವೆ. ಎರಡನೆಯದು ಅನುಭವಿಸಿದವರ ಬಾಯಿಮಾತಿನಲ್ಲಿಯೇ ಬಹುಕಾಲ ಉಳಿದು, ಗ್ರಂಥಗಳಲ್ಲಿ ತಕ್ಕ ಸ್ಥಾನವನ್ನು ಪಡೆದದ್ದು ತೀರ ಈಚೆಗೆ. ಮೂತ್ರದ ಕಲ್ಲು, ಎಂದರೆ ನಮ್ಮ ಪೂರ್ವಿಕರು ಅಶ್ಮರಿಯೆಂದು ಕರೆದ ರೋಗವು, ಈ ಎರಡು ವೇದನೆಗಳಿಗೂ ಹೆಸರಾದದ್ದು. ಆ ಕಲ್ಲನ್ನು ತಲುಪುವುದಕ್ಕೆ ಶಸ್ತ್ರವೈದ್ಯರು ಕಾಲಕಾಲಕ್ಕೆ ಹಿಡಿದ ಮಾರ್ಗಗಳು ಯಾವುವು, ಮಾರ್ಗವು ಬದಲಾದಂತೆ ರೋಗಿಗೆ ಉಳಿಯುವ ನೋವು ಹೇಗೆ ಬದಲಾಯಿತು ಎಂಬುದನ್ನು ಯಥಾಶಕ್ತಿಯಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಇದು ಕೇವಲ ಕುತೂಹಲದ ವಿಷಯವಲ್ಲ. ಪಕ್ಕೆಯಲ್ಲಿ ಗೇಣುದ್ದದ ಗಾಯದ ಗುರುತನ್ನು ಹೊತ್ತ ಹಿರಿಯರು ಹಿಂದೆ ಊರೂರಿನಲ್ಲಿಯೂ ಒಬ್ಬಿಬ್ಬರಿದ್ದರು. ಅವರು ಹೇಳಿದ ಕಥೆಗಳನ್ನು ಕೇಳಿದವರು ಇಂದಿಗೂ ಶಸ್ತ್ರಕ್ರಿಯೆಯೆಂದರೆ ಬೆದರಿ, ಹುರುಳಿಯ ಕಟ್ಟನ್ನೂ ಬಾಳೆದಿಂಡಿನ ರಸವನ್ನೂ ನಂಬಿ ವರುಷಗಳನ್ನು ಕಳೆಯುವುದುಂಟು. ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಮೂತ್ರದೊಡನೆ ಹೊರಬೀಳುವುದರಿಂದ ಆ ನಂಬಿಕೆಗೆ ಬಲವು ಬರುತ್ತದೆ. ಆದರೆ ದೊಡ್ಡ ಕಲ್ಲು ಮೂತ್ರದ ದಾರಿಯನ್ನು ಕಟ್ಟಿ ಕುಳಿತರೆ, ಕೆಲವು ವೇಳೆ ಯಾವ ನೋವನ್ನೂ ತೋರಿಸದೆಯೇ, ಮೂತ್ರಪಿಂಡವು ದಿನೇದಿನೇ ಕ್ಷಯಿಸಿ ನಿಷ್ಪ್ರಯೋಜಕವಾಗುವುದು. ಹಳೆಯ ಕಾಲದ ನೋವಿನ ಭಯದಿಂದ ಈ ಕಾಲದ ಅಂಗವನ್ನು ಕಳೆದುಕೊಳ್ಳುವುದು ದುಃಖಕರವಾದ ಸಂಗತಿ. ಆದುದರಿಂದ ಆ ನೋವಿನ ಚರಿತ್ರೆಯನ್ನು ತಿಳಿಯುವುದು ಅವಶ್ಯಕ.

ಮೊದಲು ಸ್ಥಾನನಿರ್ದೇಶವನ್ನು ಮಾಡಿಕೊಳ್ಳೋಣ. ಮೂತ್ರಪಿಂಡಗಳು ಎರಡು. ಅವು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಎರಡು ಮಗ್ಗುಲಲ್ಲಿ, ಕಡೆಯ ಪಕ್ಕೆಲುಬುಗಳ ಮರೆಯಲ್ಲಿ ಇರುತ್ತವೆ. ಅಲ್ಲಿ ಹುಟ್ಟಿದ ಮೂತ್ರವು ಸಣ್ಣ ನಾಳಗಳ ಮೂಲಕ ಕೆಳಗಿಳಿದು ಮೂತ್ರಾಶಯವನ್ನು ಸೇರುತ್ತದೆ. ಕಲ್ಲು ಮೇಲಿನ ಪಿಂಡದಲ್ಲಿಯೂ ಇರಬಹುದು, ನಡುವಿನ ನಾಳದಲ್ಲಿಯೂ ಇರಬಹುದು, ಕೆಳಗಿನ ಆಶಯದಲ್ಲಿಯೂ ಇರಬಹುದು. ಪ್ರಾಚೀನರ ಶಸ್ತ್ರವು ತಲುಪಿದ್ದು ಕೆಳಗಿನ ಮೂತ್ರಾಶಯವನ್ನು ಮಾತ್ರ. ಮೇಲಿನ ಪಿಂಡವು ಆಳದಲ್ಲಿ ಅಡಗಿದ್ದುದರಿಂದ ಅದರ ತಂಟೆಗೆ ಯಾರೂ ಹೋಗುತ್ತಿರಲಿಲ್ಲ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 7ನೆಯ ಅಧ್ಯಾಯವು ಅಶ್ಮರೀಚಿಕಿತ್ಸೆಗೆ ಮೀಸಲಾಗಿದೆ. ಮೊದಲು ಘೃತ, ಕ್ಷಾರ, ಕಷಾಯಗಳಿಂದ ಪ್ರಯತ್ನಿಸಬೇಕು. ಅವುಗಳಿಂದ ಶಮನವಾಗದಿದ್ದಲ್ಲಿ ಮಾತ್ರ ಶಸ್ತ್ರಕ್ಕೆ ಕೈಹಾಕಬೇಕು. ಕುಶಲನಾದ ವೈದ್ಯನಿಗೂ ಇದರಲ್ಲಿ ಸಿದ್ಧಿಯು ನಿಶ್ಚಿತವಲ್ಲವಾದುದರಿಂದ ದೊರೆಯ ಅನುಮತಿಯನ್ನು ಪಡೆದೇ ತೊಡಗಬೇಕು ಎಂಬುದು ಅಲ್ಲಿನ ಅಭಿಪ್ರಾಯ. ರೋಗಿಯನ್ನು ಬಲಶಾಲಿಯಾದ ಮತ್ತೊಬ್ಬನ ತೊಡೆಯ ಮೇಲೆ ಒರಗಿಸಿ, ಎಡಗೈಯ ಎರಡು ಬೆರಳುಗಳನ್ನು ಗುದದ್ವಾರದಲ್ಲಿರಿಸಿ, ಕಲ್ಲನ್ನು ಕೆಳಕ್ಕೆ ಒತ್ತಿ ತಂದು, ಸೇವನಿಯೆಂಬ ನಡುಗೆರೆಯನ್ನು ಬಿಟ್ಟು ಅದರ ಎಡಗಡೆಯಲ್ಲಿ ಒಂದು ಯವೆಯಷ್ಟು ದೂರದಲ್ಲಿ, ಕಲ್ಲಿನ ಪ್ರಮಾಣಕ್ಕೆ ತಕ್ಕಷ್ಟೇ ಸೀಳಬೇಕೆಂದು ವಿಧಿಸಿದೆ. ಮುಟ್ಟಬಾರದ ಎಂಟು ಮರ್ಮಸ್ಥಾನಗಳನ್ನು ಹೆಸರಿಸಿ, ಅವು ಛೇದವಾದರೆ ಆಗುವ ಕೇಡುಗಳನ್ನೂ ಬೇರೆಬೇರೆಯಾಗಿ ತಿಳಿಸಿದೆ. ಕಲ್ಲು ಒಡೆಯದಂತೆ, ಪುಡಿಯೂ ಉಳಿಯದಂತೆ ತೆಗೆಯಬೇಕು. ಅಲ್ಪಶೇಷವು ಉಳಿದರೂ ಅದು ಮತ್ತೆ ಬೆಳೆಯುವುದು ಎಂಬ ಎಚ್ಚರಿಕೆಯೂ ಇದೆ. ಕ್ರಿಯೆಯಾದ ಮೇಲೆ ರೋಗಿಯನ್ನು ಬಿಸಿನೀರಿನ ದೋಣಿಯಲ್ಲಿ ಕುಳ್ಳಿರಿಸಿ ಬೆವರಿಸಬೇಕು. ಹಾಗೆ ಮಾಡಿದರೆ ಆಶಯದಲ್ಲಿ ರಕ್ತವು ತುಂಬಿಕೊಳ್ಳುವುದಿಲ್ಲವೆಂದು ಆಚಾರ್ಯನು ಹೇಳುತ್ತಾನೆ.

ಈ ವಿಧಿಗಳಲ್ಲಿ ಗಮನಿಸತಕ್ಕದ್ದೇನೆಂದರೆ, ಛೇದವು ಎಲ್ಲಿರಬೇಕು, ಎಷ್ಟಿರಬೇಕು ಎಂಬುದರ ಮೇಲೆಯೇ ಮುಂದಿನ ಸುಖದುಃಖವು ನಿಂತಿದೆಯೆಂಬ ಅರಿವು. ವೇದನೆಯನ್ನು ಸಹಿಸಲಾರದವನಿಗೆ ಶಸ್ತ್ರಕ್ಕೆ ಮೊದಲು ತೀಕ್ಷ್ಣವಾದ ಮದ್ಯವನ್ನು ಕುಡಿಸಬಹುದೆಂದು ಸೂತ್ರಸ್ಥಾನದಲ್ಲಿ ಹೇಳಿದೆ. ಅದಕ್ಕಿಂತ ಹೆಚ್ಚಿನ ಮರೆವನ್ನು ತರುವ ಸಾಧನವು ಆ ಕಾಲಕ್ಕೆ ಇರಲಿಲ್ಲ.

ಪಶ್ಚಿಮ ದೇಶಗಳ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಗ್ರೀಕರ ಹಿಪೋಕ್ರೆಟಿಸನ ಹೆಸರಿನ ಪ್ರತಿಜ್ಞೆಯಲ್ಲಿ, ಕಲ್ಲಿನ ರೋಗಿಗಳಿಗೆ ತಾನು ಶಸ್ತ್ರವಿಡುವುದಿಲ್ಲ, ಅದನ್ನು ಆ ಕಸುಬಿನವರಿಗೆ ಬಿಡುವೆನು ಎಂದು ವೈದ್ಯನು ಮಾತು ಕೊಡಬೇಕಾಗಿತ್ತು. ಕ್ರಿಸ್ತಶಕ 1ನೆಯ ಶತಮಾನದಲ್ಲಿ ರೋಮಿನ ಸೆಲ್ಸಸನು ವರ್ಣಿಸಿರುವ ಕ್ರಮವು ಸುಶ್ರುತನ ಕ್ರಮವನ್ನು ಬಹಳ ಮಟ್ಟಿಗೆ ಹೋಲುತ್ತದೆ. ಇಂಗ್ಲೆಂಡಿನಲ್ಲಿ ದಿನಚರಿಯ ಲೇಖಕನೆಂದು ಖ್ಯಾತನಾದ ಸ್ಯಾಮ್ಯುಯೆಲ್ ಪೀಪ್ಸನಿಗೆ 1658ರ ಮಾರ್ಚಿ 26ರಂದು ಲಂಡನಿನಲ್ಲಿ ಟಾಮಸ್ ಹಾಲಿಯರ್ ಎಂಬ ಶಸ್ತ್ರವೈದ್ಯನು ಈ ಬಗೆಯ ಕ್ರಿಯೆಯನ್ನು ಮಾಡಿ, ಚೆಂಡಿನ ಗಾತ್ರದ ಕಲ್ಲನ್ನು ತೆಗೆದನು. ಬದುಕಿ ಉಳಿದ ಆ ದಿನವನ್ನು ಪೀಪ್ಸನು ಮುಂದೆ ವರ್ಷಾವಧಿ ಹಬ್ಬದಂತೆ ಔತಣವಿಟ್ಟು ಆಚರಿಸುತ್ತಿದ್ದನು. ಪ್ರಾಣವು ಉಳಿದದ್ದೇ ದೊಡ್ಡದೆಂದು ಎಣಿಸುವ ಕಾಲದಲ್ಲಿ, ಆಮೇಲಿನ ನೋವನ್ನು ಲೆಕ್ಕವಿಡುವವರು ಯಾರು?

ಆ ಕಾಲದ ಶಸ್ತ್ರವೈದ್ಯನು ರೋಗಿಗೆ ತೋರಬಹುದಾಗಿದ್ದ ದಯೆಯೆಂದರೆ ಶೀಘ್ರತೆ. ಲಂಡನಿನ ವಿಲಿಯಮ್ ಚೆಸೆಲ್ಡನನು 1727ರಲ್ಲಿ ನಡುಗೆರೆಯ ಪಕ್ಕದಿಂದ ಓರೆಯಾಗಿ ಹೋಗುವ ಮಾರ್ಗವನ್ನು ಸುಧಾರಿಸಿ, ಒಂದು ನಿಮಿಷದೊಳಗಾಗಿ ಕಲ್ಲನ್ನು ಹೊರತೆಗೆಯುವಷ್ಟು ಕೈಚಳಕವನ್ನು ಗಳಿಸಿದನು. ಅವನು ಪ್ರಕಟಿಸಿದ ಲೆಕ್ಕದಲ್ಲಿ 213 ಮಂದಿ ರೋಗಿಗಳ ಪೈಕಿ ಸತ್ತವರು 20 ಮಂದಿ. ಅಂದಿನ ಕಾಲಕ್ಕೆ ಇದು ಆಶ್ಚರ್ಯಕರವಾದ ಫಲವು.

ಕತ್ತಿಯನ್ನೇ ಬಿಟ್ಟು ಸಹಜವಾದ ದ್ವಾರದಿಂದಲೇ ಕಲ್ಲನ್ನು ತಲುಪಬಹುದೆಂಬ ಯೋಚನೆಯು ಕಾರ್ಯಕ್ಕೆ ಬಂದದ್ದು ಪ್ಯಾರಿಸಿನಲ್ಲಿ. 1824ರಲ್ಲಿ ಝಾಂ ಸಿವಿಯಾಲ್ ಎಂಬ ವೈದ್ಯನು ಮೂತ್ರಮಾರ್ಗದ ಮೂಲಕ ಒಂದು ಸಲಾಕೆಯಂತಹ ಯಂತ್ರವನ್ನು ತೂರಿಸಿ, ಆಶಯದೊಳಗೆ ಕಲ್ಲನ್ನು ಹಿಡಿದು, ಕೊರೆದು ಪುಡಿಮಾಡಿದನು. ಅವನು 1835ರಲ್ಲಿ ಎರಡು ಮಾರ್ಗಗಳ ಫಲಗಳನ್ನೂ ಎಣಿಸಿ ವಿದ್ವತ್ಸಭೆಯ ಮುಂದಿಟ್ಟನು. ಕತ್ತಿಯ ಮಾರ್ಗದಲ್ಲಿ ನೂರಕ್ಕೆ ಸುಮಾರು 19 ಮಂದಿಯೂ, ಪುಡಿಮಾಡುವ ಮಾರ್ಗದಲ್ಲಿ ನೂರಕ್ಕೆ ಸುಮಾರು 2 ಮಂದಿಯೂ ಮರಣ ಹೊಂದಿದ್ದರೆಂದು ಅದರಿಂದ ತಿಳಿಯಬಂದಿತು. ಒಂದೇ ರೋಗಕ್ಕೆ ಎರಡು ಮಾರ್ಗಗಳಿದ್ದಾಗ ಅವುಗಳ ತಾರತಮ್ಯವನ್ನು ಎಣಿಕೆಯಿಂದಲೇ ನಿರ್ಣಯಿಸಬೇಕೆಂಬ ಪದ್ಧತಿಗೆ ಇದು ಮುಖ್ಯವಾದ ಮೊದಲ ಹೆಜ್ಜೆಗಳಲ್ಲಿ ಒಂದು. ಆದರೆ ಅಲ್ಲಿ ಎಣಿಸಿದ್ದು ಮರಣವನ್ನು, ವೇದನೆಯನ್ನಲ್ಲ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರಿನ ಅರಿವಳಿಕೆಯು ಬಹಿರಂಗವಾಗಿ ಪರೀಕ್ಷಿಸಲ್ಪಟ್ಟಿತು. 1867ರಲ್ಲಿ ಜೋಸೆಫ್ ಲಿಸ್ಟರನು ಗಾಯವು ಕೊಳೆಯದಂತೆ ಕಾಪಾಡುವ ಕ್ರಮವನ್ನು ಪ್ರಕಟಿಸಿದನು. ಇವೆರಡೂ ಸೇರಿ ಶಸ್ತ್ರವೈದ್ಯನಿಗೆ ಬಿಡುವನ್ನೂ ಧೈರ್ಯವನ್ನೂ ಕೊಟ್ಟವು. ಅವಸರವಿಲ್ಲದೆ ಆಳಕ್ಕೆ ಇಳಿಯುವುದು ಸಾಧ್ಯವಾಯಿತು. 1869ರಲ್ಲಿ ಜರ್ಮನಿಯ ಹೈಡೆಲ್ಬರ್ಗ್ ನಗರದ ಗುಸ್ತಾಫ್ ಸೀಮೋನನು ಮೊದಲೇ ಯೋಚಿಸಿ ಗೊತ್ತುಮಾಡಿಕೊಂಡು ಒಂದು ಮೂತ್ರಪಿಂಡವನ್ನು ತೆಗೆದು, ಉಳಿದ ಒಂದರಿಂದಲೇ ಮನುಷ್ಯನು ಬದುಕಬಲ್ಲನೆಂದು ತೋರಿಸಿದನು. 1880ರಲ್ಲಿ ಲಂಡನಿನ ಹೆನ್ರಿ ಮಾರಿಸನು ಪಿಂಡವನ್ನು ಉಳಿಸಿಕೊಂಡು ಅದನ್ನು ಸೀಳಿ ಒಳಗಿನ ಕಲ್ಲನ್ನು ಮಾತ್ರ ತೆಗೆದನು. ಮೂತ್ರಪಿಂಡದ ಕಲ್ಲಿನ ಶಸ್ತ್ರಕ್ರಿಯೆಯು ನಿಜವಾಗಿ ಆರಂಭವಾದದ್ದು ಇಲ್ಲಿಂದ.

ಇಲ್ಲಿ ಒಂದು ವಿಪರ್ಯಾಸವನ್ನು ನೋಡಬೇಕು. ಅರಿವಳಿಕೆಯು ಬಂದು ಶಸ್ತ್ರಕಾಲದ ವೇದನೆಯನ್ನು ಇಲ್ಲವಾಗಿಸಿತು. ಆದರೆ ಅದೇ ಕಾರಣದಿಂದ ಛೇದವು ದೊಡ್ಡದಾಗಿ, ಶಸ್ತ್ರಾನಂತರದ ವೇದನೆಯು ಹೆಚ್ಚಿತು. ಪಿಂಡವನ್ನು ಕಾಣಬೇಕಾದರೆ ಪಕ್ಕೆಯಲ್ಲಿ ಓರೆಯಾಗಿ ಗೇಣುದ್ದ ಕೊಯ್ದು, ಒಂದರ ಮೇಲೊಂದಾಗಿ ಹಾಸಿರುವ ಮೂರು ಪದರ ಮಾಂಸಖಂಡಗಳನ್ನು ಕತ್ತರಿಸಿ, ಎಷ್ಟೋ ವೇಳೆ 12ನೆಯ ಪಕ್ಕೆಲುಬಿನ ಒಂದು ಭಾಗವನ್ನೂ ತೆಗೆಯಬೇಕಾಗಿತ್ತು. ಆ ಮಾಂಸಖಂಡಗಳೋ ಉಸಿರಾಟಕ್ಕೂ ಕೆಮ್ಮುವುದಕ್ಕೂ ಏಳುವುದಕ್ಕೂ ಕುಳಿತುಕೊಳ್ಳುವುದಕ್ಕೂ ಬೇಕಾದವು. ಆದುದರಿಂದ ರೋಗಿಯು ಒಂದೊಂದು ಉಸಿರಿಗೂ ನೋವನ್ನು ಅನುಭವಿಸುತ್ತಿದ್ದನು. ನೋವಿಗೆ ಹೆದರಿ ಮೇಲುಸಿರು ಬಿಡುತ್ತಿದ್ದನು. ಅದರಿಂದ ಕಫವು ಕಟ್ಟಿ ಶ್ವಾಸಕೋಶಕ್ಕೆ ತೊಂದರೆಯಾಗುವುದೂ ಇತ್ತು. ಪಕ್ಕೆಲುಬಿನ ಕೆಳಗೆ ಹಾದುಹೋಗುವ ನರವು ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ಅಥವಾ ಕತ್ತರಿಸಿಹೋದರೆ, ಗಾಯವು ಮಾಯ್ದ ಮೇಲೆಯೂ ತಿಂಗಳುಗಟ್ಟಲೆ ಜೋಮು, ಉರಿ, ಸೆಳೆತಗಳು ಉಳಿಯುತ್ತಿದ್ದವು. ಆ ಮಗ್ಗುಲು ಸಡಿಲವಾಗಿ ಉಬ್ಬಿಕೊಳ್ಳುವುದೂ ಉಂಟು. ಕಡಲೆಕಾಳಿನಷ್ಟು ಕಲ್ಲಿಗೆ ಇಷ್ಟು ದೊಡ್ಡ ಗಾಯ! ಬೆಟ್ಟವನ್ನು ಅಗೆದು ಇಲಿಯನ್ನು ಹಿಡಿದಂತೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ನೋವು ಕಲ್ಲಿನ ಗಾತ್ರಕ್ಕಿಂತ ಹೆಚ್ಚಾಗಿ ದಾರಿಯನ್ನು ಅನುಸರಿಸುವುದೆಂಬುದಕ್ಕೆ ಇನ್ನೊಂದು ದೃಷ್ಟಾಂತವಿದೆ. ಮೇಲೆ ಹೇಳಿದ ಸೀಮೋನನೇ 1870ರ ಸುಮಾರಿನಲ್ಲಿ, ಪಕ್ಕೆಯನ್ನು ಬಿಟ್ಟು ಬೆನ್ನಿನ ಕಡೆಯಿಂದ ನೆಟ್ಟಗೆ ಹೋಗುವ ಛೇದವನ್ನು ವರ್ಣಿಸಿದ್ದನು. ಈ ದಾರಿಯಲ್ಲಿ ಮಾಂಸಖಂಡಗಳನ್ನು ಕತ್ತರಿಸಬೇಕಾಗಿಲ್ಲ. ಅವುಗಳನ್ನು ಹೊದ್ದಿರುವ ಬಿಳಿಯ ಪೊರೆಯನ್ನು ಸೀಳಿ, ಮಾಂಸವನ್ನು ಪಕ್ಕಕ್ಕೆ ಸರಿಸಿದರೆ ಸಾಕು. 1965ರಲ್ಲಿ ಬಾರ್ಸೆಲೋನದ ಗಿಲ್-ವರ್ನೆ ಎಂಬ ವೈದ್ಯನು ಪಿಂಡದ ಮಾಂಸವನ್ನು ಕೊಯ್ಯದೆಯೇ ಕಲ್ಲನ್ನು ತೆಗೆಯುವ ತನ್ನ ಕ್ರಮವನ್ನು ಪ್ರಕಟಿಸಿ, ಈ ಹಳೆಯ ಬೆನ್ನಿನ ಮಾರ್ಗಕ್ಕೆ ಮತ್ತೆ ಮರ್ಯಾದೆಯನ್ನು ತಂದನು. ಹೀಗೆ ಮಾಡಿಸಿಕೊಂಡವರಿಗೆ ಪಕ್ಕೆಯ ಛೇದಕ್ಕಿಂತ ಕಡಮೆ ನೋವಿರುವುದು ಕಂಡುಬಂದಿತು. ಕಲ್ಲೂ ಅದೇ, ಪಿಂಡವೂ ಅದೇ, ಬದಲಾದದ್ದು ಮಾರ್ಗ.

ಮಾರ್ಗವನ್ನು ಮತ್ತಷ್ಟು ಕಿರಿದಾಗಿಸುವ ಯತ್ನಗಳು ಈ ನಡುವೆಯೇ ನಡೆದಿದ್ದವು. 1941ರಲ್ಲಿ ಅಮೆರಿಕದ ರೂಪೆಲ್ ಮತ್ತು ಬ್ರೌನ್ ಎಂಬಿಬ್ಬರು, ಹಿಂದಿನ ಶಸ್ತ್ರಕ್ರಿಯೆಯಿಂದ ಪಿಂಡದವರೆಗೆ ಉಳಿದಿದ್ದ ರಂಧ್ರದ ಮೂಲಕ ದರ್ಶಕಯಂತ್ರವನ್ನು ಇಳಿಸಿ ಕಲ್ಲನ್ನು ತೆಗೆದರು. 1955ರಲ್ಲಿ ಗುಡ್ವಿನ್ ಮೊದಲಾದವರು ಚರ್ಮದ ಮೇಲಿನಿಂದ ಸೂಜಿಯನ್ನು ಚುಚ್ಚಿ, ಊದಿಕೊಂಡ ಪಿಂಡಕ್ಕೆ ನಳಿಗೆಯನ್ನು ಇಡುವ ಕ್ರಮವನ್ನು ಪ್ರಕಟಿಸಿದರು. ಇವೆರಡನ್ನೂ ಕೂಡಿಸಿ, 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಂ ಮತ್ತು ಯೋಹಾನ್ಸನ್ ಎಂಬವರು, ಕಲ್ಲನ್ನು ತೆಗೆಯುವುದಕ್ಕೆಂದೇ ಸೂಜಿಯಿಂದ ದಾರಿಮಾಡಿ, ಅದನ್ನು ಕ್ರಮಕ್ರಮವಾಗಿ ಹಿಗ್ಗಿಸಿ, ಛೇದವಿಲ್ಲದೆಯೇ ಕಲ್ಲನ್ನು ಹೊರತಂದ ವೃತ್ತಾಂತವನ್ನು ಪ್ರಕಟಿಸಿದರು. ಗೇಣುದ್ದದ ಗಾಯವು ಬೆರಳಗಲಕ್ಕೆ ಇಳಿಯಿತು. ಮಾಂಸಖಂಡಗಳು ಕತ್ತರಿಸಲ್ಪಡದೆ ಅತ್ತಿತ್ತ ಸರಿದು ಎಡೆಗೊಟ್ಟು, ನಳಿಗೆಯನ್ನು ತೆಗೆದೊಡನೆ ಮತ್ತೆ ಕೂಡಿಕೊಳ್ಳುವುದರಿಂದ, ವಾರಗಟ್ಟಲೆ ಮಲಗಬೇಕಾದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡುವಂತಾಯಿತು.

ಅನಂತರ 1980ರ ಫೆಬ್ರವರಿ 7ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇನ್ನೂ ಅದ್ಭುತವಾದ ಪ್ರಯೋಗವು ನಡೆಯಿತು. ಕ್ರಿಶ್ಚಿಯನ್ ಶೌಸಿ ಮತ್ತು ಅವನ ಸಂಗಡಿಗರು, ಡಾರ್ನಿಯರ್ ಎಂಬ ವಿಮಾನದ ಕಾರ್ಖಾನೆಯವರು ನಿರ್ಮಿಸಿದ ಯಂತ್ರದಿಂದ, ನೀರಿನ ತೊಟ್ಟಿಯಲ್ಲಿ ಮಲಗಿಸಿದ ರೋಗಿಯ ಕಲ್ಲಿನ ಮೇಲೆ ಆಘಾತದ ಅಲೆಗಳನ್ನು ಹೊರಗಿನಿಂದಲೇ ಕೇಂದ್ರೀಕರಿಸಿ ಅದನ್ನು ಒಡೆದರು. ಕತ್ತಿಯೂ ಇಲ್ಲ, ಸೂಜಿಯೂ ಇಲ್ಲ. ಹಾಗಾದರೆ ನೋವು ಪೂರ್ತಿಯಾಗಿ ಹೋಯಿತೆ ಎಂದರೆ, ಇಲ್ಲ. ಅದು ತನ್ನ ಸ್ಥಳವನ್ನು ಬದಲಾಯಿಸಿತು. ಮೊದಲ ಯಂತ್ರಗಳ ಪೆಟ್ಟನ್ನು ತಡೆಯಲು ಅರಿವಳಿಕೆಯೇ ಬೇಕಾಗಿತ್ತು. ಅಲೆಗಳು ಚರ್ಮದ ಹೆಚ್ಚು ವಿಸ್ತಾರದ ಮೂಲಕ ಹಂಚಿಹೋಗಿ ಒಳಗೆ ಒಂದೆಡೆ ಕೂಡುವಂತೆ ಯಂತ್ರವನ್ನು ತಿದ್ದಿದ ಮೇಲೆ ಆ ನೋವು ತಗ್ಗಿತು. ಆದರೆ ಒಡೆದ ಚೂರುಗಳು ಕೆಳಗಿಳಿಯಲೇಬೇಕಷ್ಟೆ. ಅವು ನಾಳದಲ್ಲಿ ಸಾಲುಗಟ್ಟಿ ನಿಂತರೆ, ಹಳೆಯ ಶೂಲೆಯೇ ಮರಳಿ ಬರುವುದು. ಜರ್ಮನರು ಈ ಸಾಲಿಗೆ ಕಲ್ಲುಬೀದಿಯೆಂಬರ್ಥದ ಹೆಸರನ್ನಿಟ್ಟಿದ್ದಾರೆ. ಆದುದರಿಂದ ಈ ಮಾರ್ಗವು ಚಿಕ್ಕ ಕಲ್ಲುಗಳಿಗೆ ಒಪ್ಪುವುದೇ ಹೊರತು, ಸುಮಾರು 2 ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ಚುಚ್ಚುದಾರಿಯೇ ಇಂದಿಗೂ ಮುಖ್ಯವಾದದ್ದು.

ಆ ಚುಚ್ಚುದಾರಿಯಲ್ಲಿ ಉಳಿದ ನೋವಿನ ಕಾರಣಗಳನ್ನು ಒಂದೊಂದಾಗಿ ಹುಡುಕಿದ್ದೇ ಈಚಿನ ನಾಲ್ಕೈದು ದಶಕಗಳ ಚರಿತ್ರೆ. ಇದಕ್ಕೆ ನೋವನ್ನು ಅಳೆಯುವ ಕ್ರಮವೂ ಸಹಾಯವಾಯಿತು. ಸೊನ್ನೆಯಿಂದ 10ರವರೆಗೆ ಗುರುತುಮಾಡಿದ ಗೆರೆಯ ಮೇಲೆ ತನ್ನ ನೋವು ಎಲ್ಲಿದೆಯೆಂದು ರೋಗಿಯೇ ತೋರಿಸುವುದು ಒಂದು ಅಳತೆ. ಅವನಿಗೆ ಎಷ್ಟು ನೋವುನಿವಾರಕ ಔಷಧಿಯು ಬೇಕಾಯಿತೆಂಬುದು ಮತ್ತೊಂದು. ಸಿವಿಯಾಲನು ಮರಣವನ್ನು ಎಣಿಸಿದಂತೆ, ಈಗ ವೇದನೆಯನ್ನೂ ಎಣಿಸುವುದು ಸಾಧ್ಯವಾಯಿತು.

ಹೀಗೆ ಎಣಿಸಿದಾಗ ಮುಖ್ಯವಾಗಿ ಸಿಕ್ಕಿಬಿದ್ದದ್ದು, ಕ್ರಿಯೆಯಾದ ಮೇಲೆ ಬೆನ್ನಿನಲ್ಲಿ ಬಿಟ್ಟಿರುವ ನಳಿಗೆ. ರಕ್ತವೂ ಮೂತ್ರವೂ ಹೊರಗೆ ಬಸಿದುಹೋಗಲೆಂದು ಇದನ್ನು ಇಡುತ್ತಿದ್ದರು. ಉಸಿರಾಡಿದಾಗಲೆಲ್ಲ ಮೂತ್ರಪಿಂಡವು ಮೇಲೆ ಕೆಳಗೆ ಸರಿಯುತ್ತದೆ. ನಳಿಗೆಯೋ ಚರ್ಮಕ್ಕೆ ಹೊಲಿಯಲ್ಪಟ್ಟಿರುತ್ತದೆ. ದಪ್ಪವಾದ ನಳಿಗೆಯು ಪಕ್ಕೆಲುಬುಗಳ ನಡುವೆ ಸಿಕ್ಕಿ ಒಂದೊಂದು ಉಸಿರಿಗೂ ಉಜ್ಜುವುದು. 1997ರಲ್ಲಿ ಅಮೆರಿಕದ ಬೆಲ್ಮನ್ ಮತ್ತು ಸಂಗಡಿಗರು, ತಕ್ಕ ರೋಗಿಗಳನ್ನು ಆರಿಸಿಕೊಂಡು, ಬೆನ್ನಿನ ನಳಿಗೆಯನ್ನು ಬಿಟ್ಟು ಒಳಗಿನ ನಾಳದಲ್ಲಿ ಮಾತ್ರ ತೆಳ್ಳನೆಯ ಕೊಳವೆಯನ್ನು ಇಟ್ಟು ನೋಡಿ, ನೋವೂ ಆಸ್ಪತ್ರೆಯ ವಾಸವೂ ಕಡಮೆಯಾಗುವುದೆಂದು ವರದಿಮಾಡಿದರು.

ನಮ್ಮ ದೇಶದವರೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಗುಜರಾತಿನ ನಡಿಯಾದ್ ಪಟ್ಟಣದಲ್ಲಿರುವ ಮುಳಜೀಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯ ಮಹೇಶ ದೇಸಾಯಿ ಮತ್ತು ಅವರ ಸಹೋದ್ಯೋಗಿಗಳು, ದಪ್ಪ ನಳಿಗೆ, ಸಣ್ಣ ನಳಿಗೆ, ನಳಿಗೆಯೇ ಇಲ್ಲದಿರುವುದು ಎಂದು ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದ ಫಲವನ್ನು 2004ರಲ್ಲಿ ಪ್ರಕಟಿಸಿದರು. ನೋವು ದಪ್ಪ ನಳಿಗೆಯವರಲ್ಲಿ ಹೆಚ್ಚಾಗಿಯೂ ನಳಿಗೆಯಿಲ್ಲದವರಲ್ಲಿ ಕಡಮೆಯಾಗಿಯೂ ಇದ್ದಿತು. ದಾರಿಯ ಅಗಲವನ್ನು ಕುಗ್ಗಿಸುವ ಕಾರ್ಯದಲ್ಲಿಯೂ ಇದೇ ಆಸ್ಪತ್ರೆಯ ಹೆಸರು ಬರುತ್ತದೆ. ನಳಿಗೆಗಳನ್ನು ಅಳೆಯುವ ಫ್ರೆಂಚ್ ಮಾನದಲ್ಲಿ 3 ಅಂಶಗಳೆಂದರೆ ಒಂದು ಮಿಲಿಮೀಟರು. ಮೊದಲಿನ ದಾರಿಯು 30 ಅಂಶಗಳವರೆಗೂ, ಎಂದರೆ 10 ಮಿಲಿಮೀಟರು ಅಗಲವಾಗಿರುತ್ತಿತ್ತು. ಇದನ್ನು 15 ಅಂಶಗಳಿಗೆ ಇಳಿಸಿದರೆ ಅಗಲವು ಅರ್ಧವಾಗುವುದು. ವರ್ತುಲದ ಕ್ಷೇತ್ರಫಲವಾದರೋ ನಾಲ್ಕನೆಯ ಒಂದು ಪಾಲಾಗುವುದು. 2011ರಲ್ಲಿ ನಡಿಯಾದಿನವರು ಜರ್ಮನ್ ವೈದ್ಯರೊಡಗೂಡಿ 4.85 ಅಂಶಗಳ, ಎಂದರೆ ಸುಮಾರು 1.6 ಮಿಲಿಮೀಟರಿನ, ಕಣ್ಣುಳ್ಳ ಸೂಜಿಯಿಂದಲೇ ಸಣ್ಣ ಕಲ್ಲುಗಳನ್ನು ಪುಡಿಮಾಡಿದ ವರದಿಯನ್ನು ಪ್ರಕಟಿಸಿದರು.

ಇನ್ನು ಸೂಜಿಯು ಎಲ್ಲಿ ಹೋಗಬೇಕೆಂಬುದು. ಪ್ರತಿಯೊಂದು ಪಕ್ಕೆಲುಬಿನ ಕೆಳಅಂಚಿನ ಗಾಡಿಯಲ್ಲಿ ರಕ್ತನಾಳಗಳೂ ನರವೂ ಅಡಗಿ ಹರಿಯುತ್ತವೆ. ಆದುದರಿಂದ ಎರಡು ಎಲುಬುಗಳ ನಡುವೆ ಚುಚ್ಚಲೇಬೇಕಾದಾಗ, ಮೇಲಿನ ಎಲುಬಿನ ಕೆಳಅಂಚನ್ನು ಬಿಟ್ಟು ಕೆಳಗಿನ ಎಲುಬಿನ ಮೇಲಂಚಿಗೆ ಹೊಂದಿಕೊಂಡು ಹೋಗಬೇಕೆಂಬುದು ನಿಯಮ. ತೀರ ಮೇಲೆ ಚುಚ್ಚಿದರೆ ಶ್ವಾಸಕೋಶದ ಪೊರೆಗೆ ತಗಲುವ ಅಪಾಯವೂ, ಉಸಿರೆಳೆದಾಗ ಇರಿದಂತಾಗುವ ನೋವೂ ಉಂಟು. ಕ್ರಿಯೆಯ ಕೊನೆಯಲ್ಲಿ ಆ ದಾರಿಯುದ್ದಕ್ಕೂ ಮರಗಟ್ಟಿಸುವ ಔಷಧಿಯನ್ನು ಚುಚ್ಚಿದರೆ ಮೊದಲ ಕೆಲವು ಗಂಟೆಗಳ ವೇದನೆಯು ಇಳಿಯುವುದೆಂಬುದೂ ಪರೀಕ್ಷೆಗಳಿಂದ ಸ್ಥಾಪಿತವಾಗಿದೆ. ಸುಶ್ರುತನು ಎಂಟು ಮರ್ಮಗಳನ್ನು ಎಣಿಸಿ ಸೇವನಿಯಿಂದ ಯವೆಯಷ್ಟು ದೂರ ಸರಿಯಿರೆಂದು ಹೇಳಿದ ವಿವೇಕವೇ ಇಲ್ಲಿಯೂ ಕೆಲಸಮಾಡುತ್ತಿದೆ.

ಸಹಜದ್ವಾರದಿಂದ ಹೋಗುವ ಸಿವಿಯಾಲನ ಮಾರ್ಗವೂ ಮುಂದುವರಿದು, ಬಾಗುವ ದರ್ಶಕವೂ ಲೇಸರ್ ಕಿರಣವೂ ಕೂಡಿ ಈಗ ಮೂತ್ರಪಿಂಡದ ಒಳಕೋಣೆಗಳವರೆಗೂ ತಲುಪಿದೆ. ಇದರಲ್ಲಿ ಮೈಮೇಲೆ ಗಾಯವೇ ಇಲ್ಲ. ಆದರೆ ಕ್ರಿಯೆಯಾದ ಮೇಲೆ ನಾಳವು ಊದಿ ಮುಚ್ಚಿಕೊಳ್ಳದಿರಲೆಂದು, ಎರಡು ತುದಿಗಳಲ್ಲಿಯೂ ಕೊಕ್ಕೆಯಂತೆ ಸುತ್ತಿಕೊಂಡಿರುವ ಕೊಳವೆಯನ್ನು ಅನೇಕ ವೇಳೆ ಒಳಗೆ ಬಿಡುತ್ತಾರೆ. 1978ರಲ್ಲಿ ವರ್ಣಿತವಾದ ಈ ಕೊಳವೆಯು ಪಿಂಡವನ್ನು ಕಾಯುವುದು ನಿಜ. ಆದರೆ ಅದರ ಕೆಳತುದಿಯು ಮೂತ್ರಾಶಯವನ್ನು ಕೆರಳಿಸಿ ಪದೇಪದೇ ಮೂತ್ರಶಂಕೆಯನ್ನು ತರುವುದು. ಮೂತ್ರ ಮಾಡುವಾಗ ಒತ್ತಡವು ಮೇಲಕ್ಕೆ ಮರುಕಳಿಸಿ ಪಕ್ಕೆಯಲ್ಲಿ ನೋವಾಗುವುದು. ಬೆನ್ನಿನ ನೋವನ್ನು ತಪ್ಪಿಸಿದವನು ಹೊಟ್ಟೆಯ ಕೆಳಗಿನ ನೋವನ್ನು ಕೆಲವು ದಿನ ಸಹಿಸಬೇಕಾಗುತ್ತದೆ.

ಈ ಎಲ್ಲ ವೃತ್ತಾಂತದಿಂದ, ದಾರಿಯು ಕಿರಿದಾದಷ್ಟೂ ಒಳ್ಳೆಯದೆಂಬ ಏಕಾಂತನಿರ್ಣಯಕ್ಕೆ ಬರಲಾಗದು. ಅತಿ ಕಿರಿದಾದ ದಾರಿಯಲ್ಲಿ ದೊಡ್ಡ ಕಲ್ಲನ್ನು ಒಡೆಯುವುದಕ್ಕೆ ಹೊತ್ತು ಹೆಚ್ಚು ಹಿಡಿಯುವುದು, ತೊಳೆಯುವ ನೀರು ಹೊರಬರಲು ಎಡೆಯಿಲ್ಲದೆ ಪಿಂಡದೊಳಗಿನ ಒತ್ತಡವು ಏರಬಹುದು, ಚೂರುಗಳು ಉಳಿದುಹೋಗಬಹುದು. ಅಲ್ಪಶೇಷವೂ ಬೆಳೆಯುವುದೆಂಬ ಸುಶ್ರುತನ ಎಚ್ಚರಿಕೆಯನ್ನು ಇಲ್ಲಿ ನೆನೆಯಬೇಕು. ಒಂದು ಬಾರಿಯ ನೋವನ್ನು ಕಡಮೆ ಮಾಡಲು ಹೋಗಿ ಎರಡು ಬಾರಿ ಶಸ್ತ್ರಕ್ಕೆ ಒಡ್ಡುವುದು ಜಾಣತನವಲ್ಲ. ರಕ್ತಸ್ರಾವವು ಹೆಚ್ಚಾದವನಿಗೆ ಬೆನ್ನಿನ ನಳಿಗೆಯು ಬೇಕೇ ಆಗಬಹುದು. ಕಲ್ಲಿನ ಗಾತ್ರ, ಅದು ಇರುವ ಸ್ಥಾನ, ರೋಗಿಯ ದೇಹಸ್ಥಿತಿ, ವೈದ್ಯನ ಅಭ್ಯಾಸ ಇವುಗಳನ್ನು ಕೂಡಿಸಿ ನೋಡಿಯೇ ಮಾರ್ಗವನ್ನು ಆರಿಸತಕ್ಕದ್ದು.

ಆದರೆ ಇಷ್ಟನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದು. ಶಸ್ತ್ರಾನಂತರದ ವೇದನೆಯು ವಿಧಿಲಿಖಿತವಲ್ಲ. ಅದರ ಬಹುಭಾಗವು ಛೇದದ ಸ್ಥಾನದಿಂದಲೂ ದಾರಿಯ ಅಗಲದಿಂದಲೂ ಒಳಗೆ ಬಿಟ್ಟ ನಳಿಗೆಯಿಂದಲೂ ಹುಟ್ಟುತ್ತದೆ. ಆದುದರಿಂದ ಕಲ್ಲಿನ ರೋಗಿಯು ವೈದ್ಯರ ಬಳಿಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ನನ್ನ ಕಲ್ಲಿಗೆ ಯಾವ ಮಾರ್ಗವು ಯೋಗ್ಯ? ನಳಿಗೆಯನ್ನು ಇಡುವಿರಾ? ಇಟ್ಟರೆ ಎಷ್ಟು ದಿನ? ಆ ದಿನಗಳ ನೋವಿಗೆ ಏನು ಕೊಡುವಿರಿ? ಹೀಗೆ ಕೇಳುವುದು ಅವಿನಯವಲ್ಲ. ಒಳಗೆ ಬಿಟ್ಟ ಕೊಳವೆಯನ್ನು ಹೇಳಿದ ದಿನಕ್ಕೆ ತೆಗೆಯಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು. ಮರೆತರೆ ಅದರ ಮೇಲೆಯೇ ಹೊಸ ಕಲ್ಲು ಕಟ್ಟುವುದು. ಗೇಣುದ್ದದ ಗಾಯದ ಕಥೆಗಳನ್ನು ಹೇಳಿದ ಹಿರಿಯರು ಸುಳ್ಳಾಡಲಿಲ್ಲ. ಅವರು ಅನುಭವಿಸಿದ್ದು ಸತ್ಯವೇ. ಆದರೆ ಅವರು ನಡೆದ ದಾರಿಯಲ್ಲಿ ಈಗಿನ ಬಹುಮಂದಿ ರೋಗಿಗಳು ನಡೆಯಬೇಕಾಗಿಲ್ಲವೆಂಬುದನ್ನು ಮನೆಮನೆಗಳಲ್ಲಿಯೂ ತಿಳಿಯಹೇಳುವುದು ಓದುಬಲ್ಲವರ ಕರ್ತವ್ಯವಾಗಿದೆ.